ಭರತ ಬಂದರೆ

ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗಿನಿಂದ ಅಂಜನಮೂರ್ತಿ ಒಂದೇ ವಾಕ್ಯವನ್ನು ಬಾಯೊಳಗೆ ತಿರುಗಿಸುತ್ತಿದ್ದ. ಮುನಿರಾಜು ಅವತ್ತು ಕುಡಿದಿರಲಿಲ್ಲ. ಮೂರು ಪದ. ಹೇಳಿ ಮುಗಿಸಲು ಎರಡು ಸೆಕೆಂಡು ಸಾಕು. ಒಂದು ವರ್ಷದಿಂದ ಆಗಿರಲಿಲ್ಲ. ಭಾನುವಾರದ ಬೆಳಗಾದ್ದರಿಂದ ಬೋಗಿ ಅರ್ಧ ಖಾಲಿಯಿತ್ತು. ಎದುರಿಗೆ ಕೂತ ಹುಡುಗಿಯೊಬ್ಬಳು ಚಳಿಗೆ ಸ್ವೆಟರಿನ ತೋಳನ್ನು ಬೆರಳ ತನಕ ಎಳೆದುಕೊಂಡು ತೂಕಡಿಸುತ್ತಿದ್ದಳು. ಅವನ ತೊಡೆಯ ಮೇಲೆ ಹೆಂಡತಿ ರೇವತಿ ಕಟ್ಟಿಕೊಟ್ಟ ಚೀಲ. ಅದರಲ್ಲಿ ಒಂದು ಡಜನ್ ಏಲಕ್ಕಿಬಾಳೆ, ಒಂದು ಪೊಟ್ಟಣ ಮೇಣದಬತ್ತಿ. "ಹೋಗಿ ಕೈಮುಗಿದು ಬನ್ನಿ, ಅಷ್ಟೆ. ವರ್ಷದ ದಿನ ಏನೂ ಕೆದಕೋಕೆ ಹೋಗ್ಬೇಡಿ" ಎಂದಿದ್ದಳು ಅವಳು. ಅವಳೊಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಅವನ ಜೊತೆ ಎಂದಿನಂತೆ ಇರುವುದನ್ನು ಕಂಡಾಗಲೆಲ್ಲ ಅವನಿಗೆ ಹೆಂಡತಿಯ ಮೇಲೆ ಕಾರಣವಿಲ್ಲದ ಸಿಟ್ಟು ಬರುತ್ತಿತ್ತು. ಸಿ.ವಿ. ರಾಮನ್ ನಗರದ ಪ್ರಯೋಗಾಲಯದಲ್ಲಿ ಅವನ ಕೆಲಸವೆಂದರೆ ಅಳೆಯುವ ಉಪಕರಣಗಳನ್ನು ಅಳೆಯುವುದು. ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ, ಉಷ್ಣಮಾಪಕ ಎಷ್ಟು ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿದು, ಪ್ರತಿ ಅಂಕಿಯ ಮುಂದೆ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಇರಬಹುದು ಎಂದು ಬರೆದು ಸಹಿ ಹಾಕುವುದು. ಇಪ್ಪತ್ತೆಂಟು ವರ್ಷ ಹಾಗೆ ಸಹಿ ಹಾಕಿದವನು, ಪೊಲೀಸರೆದುರು ಒಂದೇ ಒಂದು ಮಾತನ್ನು ಅಂದಾಜಿನಲ್ಲಿ ಹೇಳಿಬಿಟ್ಟಿದ್ದ.

ಹಲಸೂರಿನಲ್ಲಿ ಇಳಿದು ಮೆಟ್ಟಿಲ ಬುಡದಲ್ಲಿ ನಿಂತಾಗ ಕಾಲುಗಳು ಮುನಿರಾಜುವಿನ ಮನೆಯ ದಿಕ್ಕು ಬಿಟ್ಟು ಕೆರೆಯ ದಿಕ್ಕಿಗೆ ತಿರುಗಿದವು. ಹುಡುಗರಾಗಿದ್ದಾಗ ಅವನೂ ಮುನಿರಾಜುವೂ ಬಿದಿರುಕಡ್ಡಿಗೆ ತಂಗೂಸಿ ದಾರ ಕಟ್ಟಿಕೊಂಡು ಕೂರುತ್ತಿದ್ದದ್ದು ಅಲ್ಲೇ. ಮುಂದೆ ಇವನು ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ. ಮುನಿರಾಜು ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಯಾದ. ಭಾನುವಾರದ ಗಾಳ ಮಾತ್ರ ಬಿಡಲಿಲ್ಲ. ಹಲಸೂರಿನಲ್ಲಿ ಓಡಿಸಿದರೆ ಕೆ.ಆರ್. ಪುರದ ಆಚೆಯ ಕೆರೆ, ಅಲ್ಲೂ ಓಡಿಸಿದರೆ ಹೊಸಕೋಟೆ. ಓಡಿಸುವವರು ಎಲ್ಲ ಕಡೆಯೂ ಇದ್ದರು. ಕೆರೆಯ ಮೀನು ಹರಾಜಿನಲ್ಲಿ ಹಿಡಿದ ಕಾಂಟ್ರ್ಯಾಕ್ಟರು, ಅವನ ಕಡೆಯ ಆಳು, ಆ ಆಳಿನ ನಾಯಿ. "ಯಾರನ್ ಕೇಳಿ ಗಾಳ ಹಾಕಿದ್ರಿ?" ಎಂದು ದಡದಿಂದ ಕೂಗು ಬಂದರೆ ಮುನಿರಾಜು ಏಳುತ್ತಿರಲಿಲ್ಲ. "ನೀನ್ ಹೋಗಿ ಮಾತಾಡು ಗುರು, ನಿಂಗೆ ಇಂಗ್ಲಿಷ್ ಬರತ್ತೆ" ಎನ್ನುತ್ತಿದ್ದ. ಅಂಜನಮೂರ್ತಿ ಹೋಗಿ ಮಾತಾಡುತ್ತಿದ್ದ. ಒಂದು ಟೀ, ಒಂದು ಸಿಗರೇಟು, ಎರಡು ಮಾತು. ಆಳು ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ. ನಲವತ್ತು ವರ್ಷದ ಮೀನುಗಾರಿಕೆಯಲ್ಲಿ ಅವರಿಬ್ಬರೂ ಕಲಿತದ್ದು ಇದೇ: ನೀರಿನಿಂದ ಅಪಾಯವಿಲ್ಲ, ನೀರು ನಿಂತಲ್ಲೇ ನಿಂತಿರುತ್ತದೆ, ಅಪಾಯ ಬರುವುದು ದಡದ ಕಡೆಯಿಂದ, ಮನುಷ್ಯನ ರೂಪದಲ್ಲಿ, ಮತ್ತು ಅದರ ಜೊತೆ ಮಾತಾಡಿಕೊಳ್ಳಬಹುದು.

ಸಮುದ್ರದ ಮೀನು ಹಿಡಿಯಬೇಕೆಂಬುದು ಮುನಿರಾಜುವಿನ ಆಸೆ. ರಸೆಲ್ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿಸಿದ ಕಾಣೆ ಮೀನನ್ನು ಬೆರಳಿನಿಂದ ಒತ್ತಿ ನೋಡುತ್ತ, "ಹೆಸರೇ ಕಾಣೆ ಅಂತೆ, ಇದನ್ನ ಯಾವನ್ ಹುಡುಕಿ ಹಿಡಿದ್ನೋ" ಎಂದು ನಗುತ್ತಿದ್ದ. ಚಳಿಗಾಲದಲ್ಲಿ ಕುಮಟಾ ಕಡೆಯ ಅಳಿವೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಕಾಣೆ ಹಿಡಿಯಬಹುದು, ದೋಣಿ ಬೇಡ, ಬಲೆ ಬೇಡ ಎಂದು ಎಲ್ಲೋ ಓದಿ ಅವನಿಗೆ ಹೇಳಿದವನು ಅಂಜನಮೂರ್ತಿಯೇ. ಹೋದ ಜನವರಿಯಲ್ಲಿ ಟಿಕೆಟ್ಟು ತೆಗೆಸಿದವನೂ ಅವನೇ. ಬೆಳಗ್ಗೆ ಎಂಟಕ್ಕೆ ಅಳಿವೆಯ ದಡದಲ್ಲಿ ನಿಂತು ನೋಡಿದಾಗ ಅದು ಸಮುದ್ರದಂತೆ ಇರಲೇ ಇಲ್ಲ. ಅಲೆಯಿಲ್ಲ, ಸದ್ದಿಲ್ಲ. ತೆಳುವಾದ ಮಂಜಿನ ಕೆಳಗೆ, ಬಹಳ ದೂರದ ತನಕ, ಬೆಳ್ಳಿಯ ತಟ್ಟೆಯ ಹಾಗೆ ಹರಡಿದ ನೀರು. ನಡುನಡುವೆ ಮರಳಿನ ಬೆನ್ನು. ಸಮುದ್ರ ಎರಡು ಮೈಲಿ ಆಚೆಗಿತ್ತು. ಇದು ನದಿ, ಎಂದುಕೊಂಡ ಅವನು. ಇದು ಕೆರೆಯೇ, ಉಪ್ಪು ಹಾಕಿದ ಕೆರೆ, ಎಂದ ಮುನಿರಾಜು, ಬೆರಳದ್ದಿ ನೆಕ್ಕಿ ಮುಖ ಕಿವಿಚಿ. ದಡಕ್ಕೂ ಮರಳದಿಬ್ಬಕ್ಕೂ ನಡುವೆ ಪಾದ ಮುಳುಗುವಷ್ಟು ನೀರಿನ ಒಂದು ತೋಡು. ಇಬ್ಬರೂ ಪ್ಯಾಂಟು ಮಡಿಸಿಕೊಂಡು ಅದನ್ನು ದಾಟುವಾಗ, ಬಗ್ಗಿ ಮರಳು ಕೆದಕಿ ಚಿಪ್ಪು ಆಯುತ್ತಿದ್ದ ಹೆಂಗಸು ತಲೆಯೆತ್ತಿ ಅವರನ್ನು ನೋಡಿದಳು.

ಕೆರೆಯಿಂದ ತಿರುಗಿ ಬಂದಾಗ ಮುನಿರಾಜುವಿನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದಾಗ ಬಾಗಿಲಲ್ಲಿ ಮುನಿಶಾಮಿ ಕಾಣಿಸಿಕೊಂಡ. ಮುನಿರಾಜುವಿನ ಹೆಂಡತಿ ಮಂಜುಳಮ್ಮನ ಅಣ್ಣ, ಹೋದ ವರ್ಷ ಹೆಣ ತರಲು ಕುಮಟಾಕ್ಕೆ ವ್ಯಾನು ಮಾಡಿಕೊಂಡು ಬಂದಿದ್ದವನು. "ಬನ್ನಿ ಮೂರ್ತಿ, ಬನ್ನಿ. ಏನು, ಈ ವರ್ಷ ಎಲ್ಲಿಗೆ ಟ್ರಿಪ್ಪು? ಗೋವಾನಾ?" ಎಂದ. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅಂಜನಮೂರ್ತಿಯೂ ತುಟಿ ಅಗಲಿಸಿ ನಕ್ಕಂತೆ ಮಾಡಿದ. ನಗದಿದ್ದರೆ ಏನಾಗಬಹುದು ಎಂಬ ಹೆದರಿಕೆಯಿಂದ ನಕ್ಕದ್ದು ತನಗೇ ಗೊತ್ತಾಗಿ ಕಿವಿ ಬಿಸಿಯಾಯಿತು. ನಡುಮನೆಯಲ್ಲಿ ಬುದ್ಧನ ಮೂರ್ತಿ, ಬಾಬಾಸಾಹೇಬರ ಪಟ, ಕೆಳಗೆ ಪುಟ್ಟ ಮಣೆಯ ಮೇಲೆ ಮುನಿರಾಜುವಿನ ಫೋಟೋ. ಯಾವುದೋ ಮದುವೆಯಲ್ಲಿ ತೆಗೆದದ್ದು. ಅರ್ಧ ಮುಚ್ಚಿದ ಕಣ್ಣು. ಬಿಳಿ ಸೀರೆಯುಟ್ಟ ಮಂಜುಳಮ್ಮ "ಬಂದ್ರಾ ಅಣ್ಣ" ಎಂದಳು, ಚೀಲ ತೆಗೆದುಕೊಂಡಳು, ಮೇಣದಬತ್ತಿ ಕಂಡು "ಇದೆಲ್ಲ ಯಾಕ್ ತಂದ್ರಿ" ಎಂದಳು. ಅವಳ ಮಗಳು ತೇಜಶ್ರೀ ಕಿಟಕಿಯ ಹತ್ತಿರ ಕೂತಿದ್ದಳು. ಡಿಗ್ರಿ ಓದುವ ಹುಡುಗಿ. ಮೊದಲೆಲ್ಲ "ಮಾಮ" ಎಂದು ಓಡಿಬಂದು, ಮೀನಿನ ಡಬ್ಬಿ ಕಸಿದುಕೊಂಡು ನೋಡುತ್ತಿದ್ದವಳು ಈಗ ತಲೆಯಾಡಿಸಿ ಸುಮ್ಮನಾದಳು.

ವಿಹಾರದಿಂದ ಬಂದಿದ್ದ ಹಿರಿಯ ಉಪಾಸಕರು ಕಣ್ಣುಮುಚ್ಚಿ ಪಂಚಶೀಲ ಹೇಳಿಸತೊಡಗಿದರು. ಅವರು ಒಂದೊಂದು ಸಾಲು ಹೇಳಿದಂತೆ ಕೂತವರೆಲ್ಲ ಹೇಳಬೇಕು. ಮೊದಲನೆಯದು, ಜೀವ ತೆಗೆಯುವುದಿಲ್ಲ ಎಂಬುದು. ಆ ಸಾಲು ಬಂದಾಗ ಮುನಿರಾಜು ಬಾಯಿ ಬಿಡುತ್ತಿರಲಿಲ್ಲ. ಏಳು ವರ್ಷದ ಕೆಳಗೆ ಕುಡಿತ ಬಿಟ್ಟು, ಹೆಂಡತಿಯ ಜೊತೆ ವಿಹಾರಕ್ಕೆ ಹೋಗಿ ಶೀಲ ತೆಗೆದುಕೊಂಡ ದಿನವೂ ಬಾಯಿ ಬಿಟ್ಟಿರಲಿಲ್ಲವಂತೆ. "ಒಂದನೇದು ನಂಗಾಗಲ್ಲ, ನಾನ್ ಮೀನು ಹಿಡಿಯೋನು. ಸುಳ್ಳು ಯಾಕ್ ಹೇಳ್ಲಿ? ಐದನೇದು ಬರ್ಲಿ, ಬೀದಿಗೆ ಕೇಳೋ ಹಂಗೆ ಹೇಳ್ತೀನಿ" ಎಂದಿದ್ದನಂತೆ. ಐದನೆಯದು ಮದ್ಯ ಮುಟ್ಟುವುದಿಲ್ಲ ಎಂಬುದು. ನಿಜಕ್ಕೂ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದ. ಇವನೇ ಒಂದು ಸಲ ಕೇಳಿದ್ದ, ಹುಡುಗರೆಲ್ಲ ಕಿಸಕ್ಕೆಂದಿದ್ದರು. ಈಗ ಎರಡು, ಮೂರು, ನಾಲ್ಕನೆಯ ಸಾಲು ಕಳೆದವು. ಅಂಜನಮೂರ್ತಿ ಮಂಜುಳಮ್ಮನ ತುಟಿಯನ್ನೇ ನೋಡುತ್ತಿದ್ದ. ಐದನೆಯದು ಬಂದಿತು. ತುಟಿ ಮುಚ್ಚಿಕೊಂಡಿತು. ಹನ್ನೊಂದನೆಯ ದಿನವೂ ಹೀಗೆಯೇ ಆಗಿತ್ತು. ಅಳು ಒತ್ತಿ ಬಂದಿರಬೇಕು ಎಂದು ಅವತ್ತು ಸಮಾಧಾನ ಮಾಡಿಕೊಂಡಿದ್ದ. ಈಗ ಅಳುವಿರಲಿಲ್ಲ. ಅವಳು ಫೋಟೋದ ಕಡೆ ನೋಡುತ್ತಿದ್ದಳು, ಮಾತು ತಪ್ಪಿದವನನ್ನು ನೋಡುವ ಹಾಗೆ. ಕಿಟಕಿಯ ಹತ್ತಿರ ತೇಜಶ್ರೀ ನೆಲ ನೋಡುತ್ತಿದ್ದಳು. ಮುನಿಶಾಮಿ, ಸಂಜೆಯಾದರೆ ತಾನೇ ಬಾರಿನ ಬಾಗಿಲಲ್ಲಿ ನಿಲ್ಲುವವನು, ಆ ಸಾಲನ್ನು ಎಲ್ಲರಿಗಿಂತ ಜೋರಾಗಿ ಹೇಳಿದ.

ಹೋದ ವರ್ಷ ಕುಮಟಾದ ಠಾಣೆಯಲ್ಲಿ ಇವರ ಚೀಲದಿಂದ ಕ್ವಾರ್ಟರ್ ಬಾಟಲಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟಿದ್ದ ಆ ಪೊಲೀಸಿನವನು ಕೆಟ್ಟವನೇನಲ್ಲ. ಇವನಿಗೆ ಕುಡಿಯಲು ನೀರು ತರಿಸಿಕೊಟ್ಟಿದ್ದ. ಬಾಟಲಿ ಅಂಜನಮೂರ್ತಿಯದು. ಹಿಂದಿನ ಸಂಜೆ ಲಾಡ್ಜಿನಲ್ಲಿ ಅರ್ಧ ಕುಡಿದು ಮುಚ್ಚಳ ತಿರುಗಿಸಿಟ್ಟಿದ್ದ. ಮುನಿರಾಜು ಎದುರಿಗೆ ಕೂತು ಕಡಲೆಬೀಜ ತಿಂದಿದ್ದ. "ಕುಡಿದಿದ್ರಾ?" ಎಂದು ಪೊಲೀಸಿನವನು ಕೇಳಿದ. ನೀವು ಕುಡಿದಿದ್ರಾ ಎಂದೇ, ಅವರು ಕುಡಿದಿದ್ರಾ ಎಂದೇ? ಕನ್ನಡದಲ್ಲಿ ಎರಡಕ್ಕೂ ಅದೇ ಮಾತು. "ಸ್ವಲ್ಪ" ಎಂದ ಅಂಜನಮೂರ್ತಿ. ತನ್ನ ಬಗ್ಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಸಾಕ್ಷಿ ಹೇಳಿಕೊಂಡಿದ್ದಾನೆ. ಆದರೆ ಆ ಮನುಷ್ಯ ತಲೆಯಾಡಿಸಿ, ಮೃತರು ಮದ್ಯ ಸೇವಿಸಿ ನೀರಿಗಿಳಿದು ಎಂದು ಬರೆಯುವುದನ್ನು ಅವನು ತಲೆಕೆಳಗಾದ ಅಕ್ಷರಗಳಲ್ಲಿ ಓದಿದ್ದ. ಓದಿ, ನೀರು ಕುಡಿದಿದ್ದ. ಹಾಗೆ ಬರೆದಮೇಲೆ ಆ ಮನುಷ್ಯ ಕೇಳಬಹುದಾಗಿದ್ದ ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ. ನಿಮಗೆ ಯಾರೂ ಎಚ್ಚರಿಕೆ ಹೇಳಲಿಲ್ಲವೇ ಎಂಬ ಪ್ರಶ್ನೆ. ಅದು ತಪ್ಪಿಹೋಗಲಿ ಎಂದೇ ತಾನು ನೀರು ಕುಡಿಯುತ್ತ ಕೂತದ್ದು. ಮರುದಿನ ವ್ಯಾನಿನಲ್ಲಿ ಬಂದ ಮುನಿಶಾಮಿ ಆ ಕಾಗದ ಓದಿ, ಹೆಣದ ಕಾಲಬಳಿ ನಿಂತು, "ಆರು ವರ್ಷ ನಮ್ ಹುಡುಗೀಗೆ ನಾಟಕ ಆಡ್ದೆ ಅಲ್ವೇನೋ" ಎಂದಿದ್ದ. ಆಗಲೂ ಇವನು ಅಲ್ಲೇ ಇದ್ದ.

ಅಡುಗೆಮನೆಯಲ್ಲಿ ಮಂಜುಳಮ್ಮ ಒಬ್ಬಳೇ ಇದ್ದಳು. ಹೊರಗೆ ಗಲ್ಲಿಯಲ್ಲಿ ಹಾಕಿದ ಶಾಮಿಯಾನದ ಕೆಳಗೆ ಎಲೆ ಹಾಸುತ್ತಿದ್ದರು. ಪಾಯಸದ ಪಾತ್ರೆಗೆ ಸೌಟು ಹುಡುಕುತ್ತಿದ್ದವಳು, "ಕೂತ್ಕೊಳ್ಳಿ ಅಣ್ಣ, ಮೊದಲ್ನೇ ಪಂಕ್ತಿಗೇ ಕೂತ್ಬಿಡಿ, ನಿಮಗೆ ಶುಗರ್ ಇದೆ" ಎಂದಳು.

"ಮಂಜುಳಮ್ಮ, ಅವನು ಅವತ್ತು ಕುಡಿದಿರ್ಲಿಲ್ಲ."

ಅವಳು ಸೌಟು ಹುಡುಕುವುದನ್ನು ನಿಲ್ಲಿಸಲಿಲ್ಲ. "ಬಿಡಿ ಅಣ್ಣ. ಹೋದವ್ರ ಮೇಲೆ ತಪ್ಪು ಹೊರಿಸ್ಬಾರ್ದು ಅಂತ ನೀವೇನೋ ಹೇಳ್ತೀರ. ದೊಡ್ಡ ಮನಸ್ಸು ನಿಮ್ಮದು."

"ಬಾಟ್ಲು ನಂದು. ಕುಡಿದಿದ್ದು ನಾನು. ಪೊಲೀಸರು ಕೇಳಿದಾಗ ಸ್ವಲ್ಪ ಅಂದೆ. ಅವರು ಅವನ ಹೆಸರಿಗೆ ಬರ್ಕೊಂಡ್ರು. ನಾನು ನೋಡ್ತಾ ಇದ್ದೆ, ಸುಮ್ನಿದ್ದೆ."

ಈಗ ಅವಳು ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಮಕ್ಕಳ ಮುಖದಲ್ಲಿರುವಂಥ ಗಲಿಬಿಲಿ ಇತ್ತು. "ಕುಡೀದೇ ಇದ್ರೆ ನೀರಲ್ಲಿ ಯಾಕ್ ಹಂಗ್ ನಿಂತ್ರು? ಮೈಮೇಲೆ ಎಚ್ಚರ ಇರೋರು ನೀರು ಏರೋದು ನೋಡಲ್ವಾ?" ಒಂದು ವರ್ಷದಿಂದ ಆ ಪ್ರಶ್ನೆಗೆ ಅವಳ ಹತ್ತಿರ ಇದ್ದ ಉತ್ತರ ಒಂದೇ, ಅದನ್ನು ಕೊಟ್ಟವನು ತಾನು ಎಂಬುದು ಅಂಜನಮೂರ್ತಿಗೆ ಆಗ ಸ್ಪಷ್ಟವಾಗಿ ಕಂಡಿತು. ಹೇಳತೊಡಗಿದ. ಚಿಪ್ಪು ಆಯುವ ಹೆಂಗಸು ತಲೆಯೆತ್ತಿ, "ಭರತ ಬರೂದ್ರೊಳಗೆ ಮೇಲ್ ಬಂದ್ಬಿಡಿ ಹಾಂ. ಭರತ ಬಂದ್ರೆ ಕಷ್ಟ" ಎಂದಿದ್ದಳು. ಭರತ ಎಂದರೆ ಅವರ ಕಡೆ ಉಬ್ಬರ, ಸಮುದ್ರದ ನೀರು ಏರಿ ಬರುವುದು. ಅದು ಇವನಿಗೆ ಗೊತ್ತಿರಲಿಲ್ಲ. ಉಬ್ಬರ ಗೊತ್ತಿತ್ತು, ಚಂದ್ರನ ಸೆಳೆತ ಗೊತ್ತಿತ್ತು, ಪರೀಕ್ಷೆಗೆ ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದ. ಭರತ ಎಂದಾಗ ಅವನ ಕಣ್ಣಿಗೆ ಬಂದದ್ದು ಲುಂಗಿ ಎತ್ತಿ ಕಟ್ಟಿದ, ಕೈಯಲ್ಲಿ ಕೋಲು ಹಿಡಿದ ಒಬ್ಬ ಆಳು. ಮುನಿರಾಜು, "ಇಲ್ಲೂ ಕಾಂಟ್ರ್ಯಾಕ್ಟರ್ ಇದಾನಲ್ಲಪ್ಪ! ಯಾರ್ ಈ ಭರತ, ಹೋಗಿ ಕೇಳೋಣ್ವಾ?" ಎಂದ. ಕೇಳೋಣ್ವಾ ಎಂದಿದ್ದ. ಅಂಜನಮೂರ್ತಿ ಹೆಂಗಸಿನ ಕಡೆ ತಿರುಗಿ, "ಭರತ ಬಂದ್ರೆ ನಾವ್ ಮಾತಾಡ್ಕೋತೀವಿ ಬಿಡಮ್ಮ" ಎಂದಿದ್ದ. ಅವಳು ಸೊಂಟದ ಮೇಲೆ ಕೈಯಿಟ್ಟು ಜೋರಾಗಿ ನಕ್ಕಳು. ಬೆಂಗಳೂರಿನವರ ತಮಾಷೆ ಎಂದುಕೊಂಡಿರಬೇಕು. ಇವರೂ ನಕ್ಕರು. ಮೂರು ಜನವೂ ನಕ್ಕರು.

ಹನ್ನೊಂದೂವರೆಗೆ ಟೀ ಫ್ಲಾಸ್ಕು ತರಲೆಂದು ಅವನು ದಡಕ್ಕೆ ಬಂದ. ಟೀ ಬಗ್ಗಿಸಿಕೊಂಡು ಕೂತಾಗ ತೋಡಿನಲ್ಲಿ ಥರ್ಮೋಕೋಲಿನ ಚೂರೊಂದು ತೇಲಿಹೋಗುತ್ತಿತ್ತು. ಸಮುದ್ರದ ಕಡೆಗಲ್ಲ, ಬೆಟ್ಟದ ಕಡೆಗೆ. ನದಿ ಹಿಂದಕ್ಕೆ ಹರಿಯುತ್ತಿತ್ತು. ಅದನ್ನು ಅವನು ಆಸಕ್ತಿಯಿಂದ ನೋಡಿದ. ಎಷ್ಟು ಹೊತ್ತು ಎಂಬುದೇ ಈ ಒಂದು ವರ್ಷದಲ್ಲಿ ಅವನು ಅಳೆಯಲು ಹೆಣಗಿ ಸೋತ ಅಳತೆ. ಒಂದು ನಿಮಿಷ ಇರಬಹುದು, ನಾಲ್ಕೂ ಇರಬಹುದು. ಕೊನೆಯಲ್ಲಿ ಲೋಟದ ಟೀ ಮುಗಿದಿತ್ತು ಎಂಬುದು ಮಾತ್ರ ಖಚಿತ. ಪಾದ ಮುಳುಗುತ್ತಿದ್ದ ತೋಡು ಆಗಲೇ ಅಗಲವಾಗಿ, ಕಂದು ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ತುಂಬುತ್ತಿತ್ತು. ಆಚೆ, ದಿಬ್ಬದ ಮೇಲೆ ಮುನಿರಾಜುವಿಗೆ ಮೊಣಕಾಲಷ್ಟೇ ನೀರು. ನೀರು ಬರುತ್ತಿದ್ದುದು ಅವನ ಬೆನ್ನ ಹಿಂದೆ, ದಡಕ್ಕೆ ಮರಳುವ ದಾರಿಯನ್ನು ಮುಚ್ಚುತ್ತ. ಕೂಗಿದ. ಮುನಿರಾಜು ಕೈಯೆತ್ತಿದ, ಕೈಯಲ್ಲಿ ಮೀನು ಹೊಳೆಯಿತು. ಆಗ ಆ ಹೆಂಗಸು ಬುಟ್ಟಿ ಬಿಸುಟು ಓಡಿಬಂದಳು, "ಭರತ ಬಂತು! ಭರತ ಬಂತು!" ಎಂದು ಕಿರುಚುತ್ತ. ಅಂಜನಮೂರ್ತಿ ತಿರುಗಿ ಹಿಂದೆ ನೋಡಿದ. ತೆಂಗಿನ ಮರಗಳ ನಡುವಿನ ಕಾಲುದಾರಿಯಲ್ಲಿ ಯಾರು ಬಂದರು ಎಂದು ನೋಡಿದ.

"ದಾರೀನ ನೋಡ್ದೆ ಮಂಜುಳಮ್ಮ. ನೀರಿನ ಕಡೆ ನೋಡ್ಲಿಲ್ಲ."

ಮಂಜುಳಮ್ಮ ಒಲೆ ಆರಿಸಿದಳು. ಹೊರಗಿನಿಂದ ಯಾರೋ "ಅಕ್ಕಾ, ಪಾಯಸ" ಎಂದು ಕೂಗಿದರು. "ದಿನಾ ಅವರನ್ನ ಬೈದಿದ್ದೀನಿ" ಎಂದಳು. "ದೀಪ ಹಚ್ಚೋಕೆ ಮುಂಚೆ ಒಂದ್ಸಲ, ಹಚ್ಚಿದ್ಮೇಲೆ ಒಂದ್ಸಲ. ನಂಗೇನ್ ಮೋಸ ಮಾಡಿದ್ರಿ, ಹೇಳಿದ್ರೆ ನಾನೇ ಒಂದು ಗ್ಲಾಸ್ ಕೊಡ್ತಿದ್ನಲ್ಲ ಅಂತ. ಮಗಳ ಮುಂದೇನೇ ಬೈದಿದ್ದೀನಿ. ಅವಳ ಕಾಲೇಜಲ್ಲಿ ನಿಮ್ಮಪ್ಪ ಹೆಂಗ್ ಹೋದ್ರು ಅಂತ ಕೇಳಿದ್ರೆ ಹಾರ್ಟ್ ಅಟ್ಯಾಕ್ ಅಂತ ಹೇಳ್ತಾಳಂತೆ." ಅವನು ಏನೋ ಹೇಳಹೊರಟ. ತಪ್ಪಾಯ್ತು ಎನ್ನಬೇಕೆಂದಿದ್ದ, ಆ ಮಾತು ಅಲ್ಲಿನ ಗಾಳಿಯಲ್ಲಿ ತೀರ ಸಣ್ಣದಾಗಿ ಕಂಡು ಬಾಯಿ ಮುಚ್ಚಿಕೊಂಡ. ಅವಳು ಪಾಯಸದ ಪಾತ್ರೆಯ ಒಂದು ಕಿವಿ ಹಿಡಿದು, ಇನ್ನೊಂದನ್ನು ಹಿಡಿಯುವಂತೆ ಕಣ್ಣಿನಲ್ಲೇ ಹೇಳಿದಳು. ಇಬ್ಬರೂ ಅದನ್ನು ಹೊತ್ತು ಶಾಮಿಯಾನದ ಕೆಳಗೆ ತಂದಿಟ್ಟರು. ಎಲೆಗಳ ಮುಂದೆ ಮೂವತ್ತು ಜನ ಕೂತಿದ್ದರು. ಮಂಜುಳಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಕೂಗದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಮೂರ್ತಿಯವರು ಏನೋ ಹೇಳ್ಬೇಕಂತೆ. ಕೇಳ್ಕೊಳ್ಳಿ. ಆಮೇಲೆ ಬಡಿಸ್ತೀನಿ."

ಇಪ್ಪತ್ತು ವರ್ಷದಿಂದ ಅಣ್ಣ ಎನ್ನುತ್ತಿದ್ದವಳು. ಅಂಜನಮೂರ್ತಿ ನಿಂತುಕೊಂಡೇ ಹೇಳಿದ. ಅಡುಗೆಮನೆಯಲ್ಲಿ ಬಂದಷ್ಟು ಸರಾಗವಾಗಿ ಮಾತು ಬರಲಿಲ್ಲ. ನಡುವೆ ಎರಡು ಕಡೆ ತಡೆಯಿತು. ಬಾಟಲಿ ನನ್ನದು ಎಂದಾಗ ಯಾರೋ ನಾಲಗೆಯಲ್ಲಿ ಚ್ಚ ಚ್ಚ ಎಂದರು. ಭರತನ ಮಾತು ಬಂದಾಗ ಎಲೆಯ ತುದಿಯಲ್ಲಿ ಕೂತ ಒಬ್ಬ ಫಕ್ಕನೆ ನಕ್ಕು, ನಕ್ಕದ್ದಕ್ಕೆ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದ. ಮುಗಿಸಿದ. ಯಾರಾದರೂ ಬೈದಿದ್ದರೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು. ಮುನಿಶಾಮಿ ಎದ್ದ, ಹೊಡೆಯುತ್ತಾನೆ ಎಂದುಕೊಂಡ ಅಂಜನಮೂರ್ತಿ, ಹೊಡೆಯಲಿ ಎಂದೂ ಅಂದುಕೊಂಡ. ಮುನಿಶಾಮಿ ಅವನನ್ನು ದಾಟಿ ಒಳಗೆ ಹೋಗಿ ಫೋಟೋದ ಮುಂದೆ ನಿಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿತ್ತು. ಮಂಜುಳಮ್ಮ ಮೊದಲ ಎಲೆಯಿಂದ ಬಡಿಸತೊಡಗಿದಳು. ಇವನ ಎಲೆ ಎಲ್ಲಿಯೂ ಹಾಕಿರಲಿಲ್ಲವೋ, ಹಾಕಿದ್ದಕ್ಕೆ ಯಾರಾದರೂ ಕೂತುಬಿಟ್ಟಿದ್ದರೋ ತಿಳಿಯಲಿಲ್ಲ.

ಮನೆಯ ಪಕ್ಕದಲ್ಲಿ ಮಹಡಿಗೆ ಹೋಗುವ ಕಿರಿದಾದ ಸಿಮೆಂಟಿನ ಮೆಟ್ಟಿಲು. ಅದರ ಎರಡನೆಯ ಮೆಟ್ಟಿಲಲ್ಲಿ ಕೂತು ಅವನು ಚಪ್ಪಲಿಯ ಪಟ್ಟಿ ಏರಿಸುತ್ತಿದ್ದಾಗ ಮೇಲಿನ ಮೆಟ್ಟಿಲಲ್ಲಿ ಯಾರೋ ಬಂದು ಕೂತ ಸದ್ದಾಯಿತು. ತೇಜಶ್ರೀ. ಅವಳು ತನ್ನನ್ನು ಬೈಯಲು ಬಂದಿದ್ದಾಳೆ ಎಂದುಕೊಂಡು ಅವನು ತಿರುಗಲಿಲ್ಲ.

"ಮಾಮ, ಅವತ್ತು ಬೆಳಗ್ಗೆ ಅಪ್ಪ ಏನ್ ತಿಂದಿದ್ರು?"

ಪ್ರಶ್ನೆ ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ದಿನದ ಬಗ್ಗೆ ಈ ಮನೆಯಲ್ಲಿ ಯಾರೂ ಯಾರನ್ನೂ ಒಂದು ಮಾತೂ ಕೇಳಿರಲಿಲ್ಲ. ಅದು ಕುಡಿದವನ ದಿನ, ಮುಚ್ಚಿಡಬೇಕಾದ ದಿನವಾಗಿತ್ತು. "ಅವಲಕ್ಕಿ" ಎಂದ. "ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ. ಮೊಸರು ಹಾಕಿದ್ದು. ಎರಡು ಪ್ಲೇಟ್ ತಿಂದ."

"ಮೊಸರವಲಕ್ಕೀನಾ? ಮನೇಲಿ ಮುಟ್ತಿರ್ಲಿಲ್ಲ."

"ಅಲ್ಲಿ ಮುಟ್ಟಿದ. ಇನ್ನೊಂದ್ ಪ್ಲೇಟ್ ಹೇಳ್ದಾಗ ನಂಗೂ ಆಶ್ಚರ್ಯ ಆಯ್ತು."

"ಯಾವ ಶರ್ಟು?"

"ಪೇಂಟ್ ಕಲೆ ಇರೋ ನೀಲಿದು."

"ಹೊಸದು ಕೊಡ್ಸಿದ್ದೆ ನಾನು. ಹಾಕ್ಕೊಳ್ಲಿಲ್ವಾ?"

"ಉಪ್ಪು ನೀರಿಗೆ ಹಾಳಾಗತ್ತೆ ಅಂದ. ವಾಪಸ್ ಬರೋವಾಗ ಟ್ರೇನಲ್ಲಿ ಹಾಕ್ಕೋತೀನಿ ಅಂತ ಮಡಿಚಿ ಇಟ್ಟ."

ಅವಳು ಒಂದು ಮೆಟ್ಟಿಲು ಕೆಳಗೆ ಜರುಗಿದಳು. ಎಷ್ಟು ಮೀನು ಸಿಕ್ಕಿತ್ತು? ಏಳು, ಇಬ್ಬರದೂ ಸೇರಿ, ಅದರಲ್ಲಿ ಐದು ಅವನದೇ. ನೀರು ತಣ್ಣಗಿತ್ತಾ? ಮೊದಲು ತಣ್ಣಗಿತ್ತು, ಹತ್ತು ಗಂಟೆಯ ಮೇಲೆ ಇಲ್ಲ. ಹಾಡು ಹೇಳುತ್ತಿದ್ದರಾ? ಇಲ್ಲ, ಗಾಳ ಹಾಕಿದಾಗ ಅವನು ಮಾತೇ ಆಡುತ್ತಿರಲಿಲ್ಲ, ಅದು ನಿನಗೂ ಗೊತ್ತು. ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ, ಗೊತ್ತಿದ್ದುದನ್ನು ಗೊತ್ತಿದೆ ಎಂದು, ಮರೆತದ್ದನ್ನು ಮರೆತೆ ಎಂದು. ಶಾಮಿಯಾನದ ಕಡೆಯಿಂದ ಎರಡನೆಯ ಪಂಕ್ತಿಗೆ ಕರೆಯುವ ಸದ್ದು ಬಂದು ನಿಂತಿತು.

"ನೀವು ಕೂಗ್ದಾಗ ಅಪ್ಪ ಮೀನು ಎತ್ತಿ ತೋರಿಸಿದ್ರಲ್ಲ, ಆಗ ನಗ್ತಿದ್ರಾ?"

ಹೌದು ಎಂದರೆ ಆಗಿಹೋಗುತ್ತಿತ್ತು. ಹುಡುಗಿ ಅದನ್ನು ಬದುಕಿರುವ ತನಕ ಇಟ್ಟುಕೊಳ್ಳುತ್ತಿದ್ದಳು. ನಕ್ಕೇ ಇರಬೇಕು, ಅಷ್ಟು ದೊಡ್ಡ ಮೀನು ಸಿಕ್ಕಾಗ ಅವನು ನಗದೆ ಇದ್ದದ್ದಿಲ್ಲ. ಅಂಜನಮೂರ್ತಿ ಬಾಯಿ ತೆರೆದ. ದಡದಿಂದ ದಿಬ್ಬಕ್ಕೆ ಇನ್ನೂರು ಮೀಟರಿತ್ತು, ಬಿಸಿಲು ಎದುರಿಗಿತ್ತು.

"ದೂರ ಇತ್ತು ಪುಟ್ಟಾ. ಮುಖ ಕಾಣಿಸ್ಲಿಲ್ಲ ನಂಗೆ."

ತೇಜಶ್ರೀ ತಲೆಯಾಡಿಸಿದಳು. ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಂಡಳು. ಗಲ್ಲಿಯಲ್ಲಿ ಸ್ಕೂಟರೊಂದು ಹೋಗಲು ದಾರಿ ಕೇಳುತ್ತ ಹಾರ್ನ್ ಹೊಡೆಯುತ್ತಿತ್ತು. ಅದು ಹೋಗುವ ತನಕ ಕಾದಳು.

"ಆಮೇಲೆ?" ಎಂದಳು.